ಎಪ್ಪತ್ತು ವ್ಯಾಟ್‌ನ ಜ್ವಾಲಾಮುಖಿ

75 ಜನ ವಾದಕರ ಪೂರ್ಣ ಆರ್ಕೆಸ್ಟ್ರಾ. ಪಿಟೀಲು, ಕೊಳಲು, ಕಹಳೆ, ನಗಾರಿ ಎಲ್ಲ ಒಟ್ಟಿಗೆ, ಕೂತವರ ಎದೆ ನಡುಗುವಷ್ಟು ಜೋರಾಗಿ ಮೊಳಗುವ ಗಳಿಗೆ. ಆಗ ವೇದಿಕೆಯಿಂದ ಹೊರಡುವ ಶಬ್ದದ ಒಟ್ಟು ಶಕ್ತಿ ಎಷ್ಟಿರಬಹುದು? ಅಮೆರಿಕದ ಬೆಲ್ ಪ್ರಯೋಗಾಲಯದವರು ಇದನ್ನು 1931ರಷ್ಟು ಹಿಂದೆಯೇ ಅಳೆದಿದ್ದಾರೆ. ಸಿಕ್ಕ ಉತ್ತರ ಸುಮಾರು 70 ವ್ಯಾಟ್. ಒಂದು ಕಾಲಕ್ಕೆ ಮನೆಯ ನಡುಕೋಣೆಯಲ್ಲಿ ತೂಗುತ್ತಿದ್ದ ಹಳದಿ ಬಲ್ಬು ಉರಿಯಲು ಬೇಕಾಗುತ್ತಿದ್ದಷ್ಟು ಮಾತ್ರ.

ಈಗ ಐಸ್‌ಲ್ಯಾಂಡಿನ ಈಶಾನ್ಯ ಮೂಲೆಗೆ ಬನ್ನಿ. ವಾತ್ನಾಯೋಕುಟ್ಲ್ ಎಂಬ ಹಿಮಹಾಸು ಆ ದೇಶದ ನೆಲದ ನೂರಕ್ಕೆ ಎಂಟು ಪಾಲನ್ನು ಮುಚ್ಚಿಕೊಂಡು ಮಲಗಿದೆ. ಅದು ಕರಗಿ ಹುಟ್ಟುವ ಬೂದುಬಣ್ಣದ ನದಿಯೊಂದು ಬಂಡೆಗಾಡಿನಲ್ಲಿ ಹರಿದು ಬಂದು, ಒಂದೆಡೆ 100 ಮೀಟರ್ ಅಗಲಕ್ಕೆ ಹರಡಿಕೊಂಡು 44 ಮೀಟರ್ ಆಳಕ್ಕೆ ಬೀಳುತ್ತದೆ. ಅದೇ ಡೆಟ್ಟಿಫಾಸ್ ಜಲಪಾತ. ಸೆಕೆಂಡಿಗೆ ಸರಾಸರಿ 193 ಘನ ಮೀಟರ್ ನೀರು, ಅಂದರೆ 1 ಲಕ್ಷ 93 ಸಾವಿರ ಲೀಟರ್. ಅಷ್ಟು ನೀರು ಅಷ್ಟು ಎತ್ತರದಿಂದ ಬೀಳುವಾಗ ಬಿಟ್ಟುಕೊಡುವ ಶಕ್ತಿಯನ್ನು ಶಾಲೆಯ ಭೌತಶಾಸ್ತ್ರದಿಂದಲೇ ಲೆಕ್ಕ ಹಾಕಬಹುದು. ಸುಮಾರು 8 ಕೋಟಿ 33 ಲಕ್ಷ ವ್ಯಾಟ್! ಇದೆಲ್ಲವೂ ಶಬ್ದವಾಗುವುದಿಲ್ಲ, ಬಹುಪಾಲು ನೀರಿನ ಕಲಕಾಟದಲ್ಲೇ ಕಳೆದುಹೋಗುತ್ತದೆ. ಆದರೂ ಹೋಲಿಸಿ ನೋಡಿದರೆ, ಒಂದು ಜಲಪಾತದ ಬೀಳುವ ಬಲಕ್ಕೆ ಸರಿಗಟ್ಟಲು ಸುಮಾರು 12 ಲಕ್ಷ ಆರ್ಕೆಸ್ಟ್ರಾಗಳು ಬೇಕು. ತಲಾ 75 ಜನರಂತೆ 9 ಕೋಟಿ ವಾದಕರು.

ಇಷ್ಟು ತಿಳಿದ ಮೇಲೆ ಯಾರಾದರೂ ಆ ಜಲಪಾತವನ್ನು ಆರ್ಕೆಸ್ಟ್ರಾಕ್ಕೆ ಬರೆಯಲು ಕೂರುತ್ತಾರೆಯೇ? ಒಬ್ಬರು ಕೂತರು. ಜಲಪಾತವೊಂದೇ ಅಲ್ಲ, ಜ್ವಾಲಾಮುಖಿ, ಬಿಸಿನೀರ ಬುಗ್ಗೆ, ಸಮುದ್ರದ ಮೇಲೆ ತೇಲಿ ಬರುವ ಮಂಜುಗಡ್ಡೆಯ ಹಾಸು, ಕೊನೆಗೆ ಜಗತ್ತಿನ ಹುಟ್ಟು ಮತ್ತು ನಾಶವನ್ನೂ ಬರೆದರು. ಅವರ ಹೆಸರು ಯೋನ್ ಲೇಫ್ಸ್.

ಲೇಫ್ಸ್ ಹುಟ್ಟಿದ್ದು 1899ರ ಮೇ 1ರಂದು, ಉತ್ತರ ಐಸ್‌ಲ್ಯಾಂಡಿನ ಒಂದು ಹೊಲಮನೆಯಲ್ಲಿ. ಆಗ ಇಡೀ ದೇಶದ ಜನಸಂಖ್ಯೆ ಒಂದು ಲಕ್ಷಕ್ಕೂ ಕಡಿಮೆ. ಒಂದೇ ಒಂದು ಸಿಂಫನಿ ಆರ್ಕೆಸ್ಟ್ರಾ ಆ ನೆಲದಲ್ಲಿ ಇರಲಿಲ್ಲ. 1916ರಲ್ಲಿ, ಮೊದಲ ಮಹಾಯುದ್ಧ ನಡೆಯುತ್ತಿರುವಾಗಲೇ, 17ರ ಹುಡುಗ ಹಡಗು ಹತ್ತಿ ಜರ್ಮನಿಯ ಲೈಪ್ಜಿಗ್‌ಗೆ ಸಂಗೀತ ಕಲಿಯಲು ಹೋದ. ಹತ್ತು ವರ್ಷದ ನಂತರ, 1926ರಲ್ಲಿ, ಹ್ಯಾಂಬರ್ಗ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾವನ್ನು ಹಡಗಿನಲ್ಲಿ ಕರೆದುಕೊಂಡು ಊರಿಗೆ ಬಂದರು. ಐಸ್‌ಲ್ಯಾಂಡಿನ ನೆಲದಲ್ಲಿ ಪೂರ್ಣ ಆರ್ಕೆಸ್ಟ್ರಾವೊಂದು ನುಡಿಸಿದ್ದು ಅದೇ ಮೊದಲು. ಆ ದೇಶದ ಸ್ವಂತ ಸಿಂಫನಿ ಆರ್ಕೆಸ್ಟ್ರಾ ಹುಟ್ಟಿದ್ದು ಇನ್ನೂ 24 ವರ್ಷ ಕಳೆದ ಮೇಲೆ, 1950ರ ಮಾರ್ಚಿನಲ್ಲಿ. ಯುರೋಪಿನ ದೊಡ್ಡ ನಗರಗಳು ಬೀಥೋವನ್‌ನನ್ನು ಕೇಳಿ ನೂರೈವತ್ತು ವರ್ಷ ಆಗಿತ್ತು. ಇಲ್ಲಿ ಒಬ್ಬ ಮನುಷ್ಯನ ಆಯುಸ್ಸಿನೊಳಗೇ ಸೊನ್ನೆಯಿಂದ ಎಲ್ಲವೂ ಶುರುವಾಯಿತು.

ಆರ್ಕೆಸ್ಟ್ರಾ ಇಲ್ಲದ ನಾಡಿನಲ್ಲಿ ಸಂಗೀತವೇ ಇರಲಿಲ್ಲ ಎಂದಲ್ಲ. ಉದ್ದುದ್ದ ಕಥನಪದ್ಯಗಳನ್ನು ಒಂದೇ ಧಾಟಿಯಲ್ಲಿ ಹೇಳುವ ರೀಮುರ್ ಎಂಬ ಪರಂಪರೆ ಶತಮಾನಗಳಿಂದ ಬಂದಿತ್ತು. ಚಳಿಗಾಲದ ಸಂಜೆಗಳಲ್ಲಿ, ಹೊರಗೆ ಬೆಳಕೇ ಇಲ್ಲದಿರುವಾಗ, ಉಣ್ಣೆ ನೂಲುತ್ತ ಕೂತ ಮನೆಮಂದಿಗೆ ಒಬ್ಬರು ಹಾಡಿ ಹೇಳುವುದು ರೂಢಿ. ಇನ್ನೊಂದು, ಟ್ವೀಸೋಂಗುರ್ ಎಂಬ ಇಬ್ಬರ ಹಾಡಿಕೆ. ಒಬ್ಬ ಷಡ್ಜದಲ್ಲಿ ನಿಂತರೆ ಇನ್ನೊಬ್ಬ ಪಂಚಮದಲ್ಲಿ ನಿಲ್ಲುತ್ತಾನೆ. ಮೊದಲನೆಯವನು ಒಂದು ಮೆಟ್ಟಿಲು ಏರಿದರೆ ಇನ್ನೊಬ್ಬನೂ ಏರುತ್ತಾನೆ. ಇಬ್ಬರ ನಡುವಿನ 3:2ರ ಅಂತರ ಬಹುಮಟ್ಟಿಗೆ ಕದಲುವುದಿಲ್ಲ. ಯುರೋಪಿನ ಸಂಗೀತಶಾಲೆಗಳಲ್ಲಿ ವಿದ್ಯಾರ್ಥಿ ಹೀಗೆ ಬರೆದರೆ ಗುರುಗಳು ಕೆಂಪು ಶಾಯಿಯಲ್ಲಿ ಗೀಟು ಎಳೆಯುತ್ತಿದ್ದರು, ಇಂಥ ಸಮಾನಾಂತರ ಪಂಚಮ ಅಲ್ಲಿ ಶತಮಾನಗಳಿಂದ ದೋಷ. ಲೇಫ್ಸ್ 1920ರ ದಶಕದಲ್ಲಿ ಫೋನೋಗ್ರಾಫ್ ಯಂತ್ರ ಹೊತ್ತು ಉತ್ತರದ ಹಳ್ಳಿಗಳಲ್ಲಿ ಓಡಾಡಿದರು. ಹಳಬರು ಹಾಡಿದ್ದನ್ನು ಮೇಣದ ಉರುಳೆಗಳ ಮೇಲೆ ಹಿಡಿದರು. ಲೈಪ್ಜಿಗ್‌ನಲ್ಲಿ ತಪ್ಪು ಎಂದು ಕಲಿತಿದ್ದನ್ನೇ ತಮ್ಮ ಸಂಗೀತದ ಅಡಿಪಾಯ ಮಾಡಿಕೊಂಡರು. ಅವರ ಕೃತಿಗಳಲ್ಲಿ ಸ್ವರಗುಚ್ಛಗಳು ಬಂಡೆಗಳ ಹಾಗೆ ಅಕ್ಕಪಕ್ಕ ಬಂದು ನಿಲ್ಲುತ್ತವೆ. ಒಂದರಿಂದ ಇನ್ನೊಂದಕ್ಕೆ ನುಣುಪಾಗಿ ಜಾರುವ ಜರ್ಮನ್ ಜಾಣ್ಮೆಯನ್ನು ಅವರು ಬೇಕೆಂದೇ ಬಿಟ್ಟರು. ಮೊದಲ ಸಲ ಕೇಳುವವರಿಗೆ ಇದು ಒರಟು. ಎರಡನೆಯ ಸಲ ಕೇಳಿದಾಗ ಆ ಒರಟಿನೊಳಗಿನ ತೂಕ ತಿಳಿಯುತ್ತದೆ.

1947ರ ಮಾರ್ಚ್ 29ರ ಬೆಳಿಗ್ಗೆ ಏಳು ಗಂಟೆಗೆ ಸ್ವಲ್ಪ ಮುಂಚೆ ದಕ್ಷಿಣ ಐಸ್‌ಲ್ಯಾಂಡಿನ ಹೆಕ್ಲಾ ಪರ್ವತ ಬಾಯಿ ತೆರೆಯಿತು. 1,491 ಮೀಟರ್ ಎತ್ತರದ ಈ ಬೆಟ್ಟ ದಾಖಲೆಯ ಚರಿತ್ರೆಯಲ್ಲಿ ಮೊದಲು ಸಿಡಿದದ್ದು 1104ರಲ್ಲಿ. ಮಧ್ಯಯುಗದ ಯುರೋಪ್ ಇದನ್ನು ನರಕದ ಬಾಗಿಲು ಎಂದೇ ನಂಬಿತ್ತು. ಶಿಖರಕ್ಕೆ ಮನುಷ್ಯರು ಹತ್ತಿದ ಮೊದಲ ದಾಖಲೆ 1750ರದು, ಅಲ್ಲಿಯವರೆಗೆ ಭಯವೇ ಬೇಲಿ. 1845ರಲ್ಲಿ ಆರಂಭವಾಗಿ ಮರುವರ್ಷ ತಣ್ಣಗಾದ ಸ್ಫೋಟದ ಬಳಿಕ ನೂರು ವರ್ಷ ಸುಮ್ಮನಿದ್ದ ಬೆಟ್ಟ ಈಗ ಎದ್ದಿತು. ಮೊದಲ ಅರ್ಧ ಗಂಟೆ ಅದು ಸೆಕೆಂಡಿಗೆ ಸುಮಾರು 75,000 ಘನ ಮೀಟರ್ ಬೂದಿ ಮತ್ತು ಪ್ಯೂಮಿಸ್ ಕಲ್ಲನ್ನು ಮೇಲಕ್ಕೆಸೆಯಿತು. ಡೆಟ್ಟಿಫಾಸ್ ಕೆಳಗೆ ಸುರಿಯುವ ನೀರಿನ ಗಾತ್ರಕ್ಕೆ ಹೋಲಿಸಿದರೆ 389 ಪಟ್ಟು, ಅದೂ ಮೇಲ್ಮುಖವಾಗಿ. ಬೂದಿಯ ಕಂಬ ಸುಮಾರು 30 ಕಿಲೋಮೀಟರ್ ಏರಿತು. ಇಂದಿನ ಪ್ರಯಾಣಿಕ ವಿಮಾನಗಳು ಹಾರುವ ಎತ್ತರದ ಹತ್ತಿರಹತ್ತಿರ ಮೂರು ಪಟ್ಟು. ಅಬ್ಬರ ಇಳಿದರೂ ಬೆಟ್ಟ ನಿಲ್ಲಲಿಲ್ಲ. ಮರುವರ್ಷದ ಏಪ್ರಿಲ್‌ವರೆಗೆ, ಸುಮಾರು 13 ತಿಂಗಳು, ಲಾವಾ ಹರಿಯುತ್ತಲೇ ಇತ್ತು. 40 ಚದರ ಕಿಲೋಮೀಟರ್ ನೆಲ ಕಪ್ಪು ಕಲ್ಲಿನಡಿ ಹೂತುಹೋಯಿತು. ನವೆಂಬರಿನಲ್ಲಿ ಹರಿಯುವ ಲಾವಾದ ಅಂಚಿನಲ್ಲಿ ಚಿತ್ರೀಕರಣ ಮಾಡುತ್ತಿದ್ದ ವಿಜ್ಞಾನಿ ಸ್ಟೇಂಥೋರ್ ಸಿಗುರ್ಡ್‌ಸನ್, ಉರುಳಿ ಬಂದ ಲಾವಾಗುಂಡು ಬಡಿದು ತೀರಿಕೊಂಡರು.

ಆ ಸ್ಫೋಟವನ್ನು ಕಣ್ಣಾರೆ ಕಂಡವರಲ್ಲಿ ಲೇಫ್ಸ್ ಒಬ್ಬರು. ಅದನ್ನು ಸ್ವರಲಿಪಿಗೆ ಇಳಿಸಲು ಅವರು 14 ವರ್ಷ ತೆಗೆದುಕೊಂಡರು. 1961ರಲ್ಲಿ ‘ಹೆಕ್ಲಾ’ ಮುಗಿಯಿತು, 52ನೇ ಕೃತಿ. ನುಡಿಸಲು ಬೇಕಾದ ಕಾಲ ಹನ್ನೆರಡು ನಿಮಿಷದ ಆಸುಪಾಸು. ಬೆಟ್ಟದ 13 ತಿಂಗಳನ್ನು ಈ ಹನ್ನೆರಡು ನಿಮಿಷಕ್ಕೆ ಹಂಚಿದರೆ ಸಂಗೀತದ ಒಂದೊಂದು ಸೆಕೆಂಡಿಗೂ ಬೆಟ್ಟದ 13 ಗಂಟೆ ಬರುತ್ತದೆ.

ಇಲ್ಲಿ ಬೆಲ್ ಪ್ರಯೋಗಾಲಯದ ಅಳತೆಗಳ ಪಟ್ಟಿಯನ್ನು ಮತ್ತೊಮ್ಮೆ ತೆರೆಯಬೇಕು. ಲೇಫ್ಸ್ ಏನು ಮಾಡಿದರು ಎಂಬುದು ಅದರಿಂದ ಚೆನ್ನಾಗಿ ತಿಳಿಯುತ್ತದೆ. ಸಂಯೋಜಕನ ಮುಂದಿರುವ ತೊಡಕು ಇದು: ಸದ್ದು ಹೆಚ್ಚಿಸಲು ಜನ ಹೆಚ್ಚಿಸಿದರೆ ಸಾಕಾಗುವುದಿಲ್ಲ. ಒಂದು ಪಿಟೀಲಿನ ಜೊತೆಗೆ ಇನ್ನೊಂದು ಸೇರಿದರೆ ಶಕ್ತಿ ಇಮ್ಮಡಿಯಾಗುತ್ತದೆ, ಕಿವಿಗೆ ಮಾತ್ರ ಅಲ್ಪ ವ್ಯತ್ಯಾಸ. ನಮ್ಮ ಕಿವಿಗೆ ಸದ್ದು ಎರಡು ಪಟ್ಟು ಎನಿಸಬೇಕಾದರೆ ಶಕ್ತಿ ಸುಮಾರು ಹತ್ತು ಪಟ್ಟಾಗಬೇಕು. ಅಂದರೆ 75 ಜನರ ಜಾಗದಲ್ಲಿ 750 ಜನ. ಯಾವ ವೇದಿಕೆ ಅಷ್ಟು ಜನರನ್ನು ತಡೆದೀತು? ಇನ್ನು ವಾದ್ಯ ವಾದ್ಯಕ್ಕೂ ಇರುವ ಅಂತರ ಬೆರಗು ಹುಟ್ಟಿಸುವಂಥದ್ದು. ಪಾಶ್ಚಾತ್ಯ ಕೊಳಲು ತನ್ನೆಲ್ಲ ಬಲ ಹಾಕಿದರೂ 0.06 ವ್ಯಾಟ್. ಮನುಷ್ಯನಷ್ಟೆತ್ತರದ ಡಬಲ್ ಬಾಸ್ 0.16. ಟ್ರಂಪೆಟ್ 0.3. ದೊಡ್ಡ ಬಾಸ್ ಡ್ರಮ್ಮಿನ ಮೇಲೆ ಬಿದ್ದ ಒಂದೇ ಒಂದು ಏಟು? 25 ವ್ಯಾಟ್. ನಾನೂರು ಕೊಳಲು ಒಂದೇ ಡ್ರಮ್ಮಿಗೆ ಸಮ! ಆರ್ಕೆಸ್ಟ್ರಾದ ಒಟ್ಟು 70 ವ್ಯಾಟಿನಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚನ್ನು ಹಿಂದಿನ ಸಾಲಿನಲ್ಲಿ ನಿಂತ ಒಬ್ಬ ಮನುಷ್ಯನ ತೋಳು ಕೊಡಬಲ್ಲದು.

ಬೆಟ್ಟವನ್ನು ಕೂಗಿಸಬೇಕಾದರೆ ತಂತಿವಾದ್ಯಗಳ ಹತ್ತಿರ ಹೋಗಿ ಪ್ರಯೋಜನವಿಲ್ಲ, ಬಡಿಯುವವರ ಹತ್ತಿರ ಹೋಗಬೇಕು. ‘ಹೆಕ್ಲಾ’ ಕೃತಿ 19 ಜನ ತಾಳವಾದ್ಯದವರನ್ನು ಕೇಳುತ್ತದೆ. ಸಾಮಾನ್ಯ ಸಿಂಫನಿಗೆ ಮೂವರೋ ನಾಲ್ವರೋ ಇದ್ದರೆ ಹೆಚ್ಚು. ಅವರ ಕೈಯಲ್ಲಿ ಇರುವುದಾದರೂ ಏನು? ಕಮ್ಮಾರನ ಅಡಿಗಲ್ಲು, ಹಡಗಿನ ಲಂಗರಿನ ದಪ್ಪ ಸರಪಳಿ, ಚರ್ಚಿನ ಗಂಟೆ, ಸೈರನ್, ಬಂದೂಕು, ಫಿರಂಗಿ. ಅವುಗಳ ಜೊತೆಗೆ ಕಲ್ಲು. ದಾರಿಯಲ್ಲಿ ಸಿಕ್ಕ ಯಾವ ಕಲ್ಲೂ ಆಗುವುದಿಲ್ಲ, ಬಡಿದರೆ ದನಿ ಕೊಡುವ ಕಲ್ಲೇ ಆಗಬೇಕು. ಹೆಚ್ಚಿನ ಕಲ್ಲುಗಳು ಬಡಿದರೆ ಕಟ್ ಎಂದು ಸತ್ತ ಸದ್ದು ಮಾಡುತ್ತವೆ, ಒಳಗೆ ಬಿರುಕಿಲ್ಲದೆ ಬಿಗಿಯಾಗಿ ಹೆಪ್ಪುಗಟ್ಟಿದ ಕಲ್ಲು ಮಾತ್ರ ಕಣಕಣ ನುಡಿಯುತ್ತದೆ. ತಾಳವಾದ್ಯದವರು ಒಂದೊಂದನ್ನೇ ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು, ಆರಿಸಬೇಕು. ಒಂದು ಕಾಲಕ್ಕೆ ಬೆಟ್ಟವೇ ಕಾರಿ ಗಟ್ಟಿಯಾದ ವಸ್ತುವನ್ನು ತಂದು ಬೆಟ್ಟದ ಕಥೆ ಹೇಳಿಸುವ ಈ ಯೋಚನೆ ನನ್ನ ಮಟ್ಟಿಗೆ ಫಿರಂಗಿಗಿಂತ ದೊಡ್ಡದು. ಫಿರಂಗಿಯನ್ನು ಚೈಕೋವ್‌ಸ್ಕಿ 1880ರಲ್ಲೇ ಬಳಸಿದ್ದ.

ಕೃತಿ ಶುರುವಾಗುವುದು ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ. ಇದು ಬರಿಯ ನಾಟಕವಲ್ಲ. ಇತ್ತೀಚಿನ ದಶಕಗಳಲ್ಲಿ ಹೆಕ್ಲಾ ಸಿಡಿಯುವ ಮೊದಲು ಕೊಟ್ಟ ಮುನ್ಸೂಚನೆ ಸಣ್ಣಪುಟ್ಟ ಕಂಪನಗಳು ಮಾತ್ರ. ಅವೂ ಅರ್ಧ ಗಂಟೆಯಷ್ಟು ಮುಂಚೆ, 2000ನೇ ಇಸವಿಯಲ್ಲಿ ಒಂದೂಕಾಲು ಗಂಟೆಗೆ ಸ್ವಲ್ಪ ಹೆಚ್ಚು. ಅದರ ಹಿಂದೆ ಎಲ್ಲವೂ ನಿಶ್ಶಬ್ದ. ಜ್ವಾಲಾಮುಖಿಯ ನಿಜವಾದ ದನಿಯಲ್ಲಿ ದೊಡ್ಡ ಪಾಲು ಮನುಷ್ಯರ ಕಿವಿಗೆ ಬೀಳುವಂಥದ್ದೂ ಅಲ್ಲ. ಸೆಕೆಂಡಿಗೆ 20 ಕಂಪನಗಳ ಕೆಳಗೆ ನಮಗೆ ಸ್ವರ ಕೇಳಿಸುವುದಿಲ್ಲ, ಬೆಟ್ಟ ಮಾತಾಡುವುದು ಹೆಚ್ಚಾಗಿ ಅದರ ಕೆಳಗೇ. ಆರ್ಕೆಸ್ಟ್ರಾದ ಅತಿ ತಗ್ಗಿನ ಸ್ವರಗಳಲ್ಲೊಂದು ಕಾಂಟ್ರಾಬಸೂನಿನದು, ಸೆಕೆಂಡಿಗೆ 29 ಕಂಪನ. ಬೆಟ್ಟದ ದನಿ ಎಲ್ಲಿ ನಮ್ಮ ಕೈಗೆ ನಿಲುಕದೆ ಹೋಗುತ್ತದೋ ಅದಕ್ಕೆ ಒಂದು ಮೆಟ್ಟಿಲು ಮೇಲೆ ಆರ್ಕೆಸ್ಟ್ರಾ ಬಂದು ನಿಂತಿರುತ್ತದೆ. ಲೇಫ್ಸ್ ತಮ್ಮ ಸಂಗೀತವನ್ನು ಮತ್ತೆ ಮತ್ತೆ ಆ ಅಂಚಿಗೆ ಕೊಂಡೊಯ್ದರು.

ಇಷ್ಟಾದರೂ ಲೆಕ್ಕ ಲೆಕ್ಕವೇ. 19 ಜನರಲ್ಲ, 1,900 ಜನ ಬಡಿದರೂ ಹೆಕ್ಲಾದ ಒಂದು ಉಸಿರಿಗೆ ಸಮನಾಗುವುದಿಲ್ಲ. ಹಾಗಿದ್ದರೂ ಈ ಕೃತಿ ಕೇಳುವಾಗ ಬೆಟ್ಟ ಎದ್ದು ನಿಂತಂತೆ ಯಾಕೆ ಅನಿಸುತ್ತದೆ? ಉತ್ತರ ಅದೇ ಪಟ್ಟಿಯ ಕೆಳತುದಿಯಲ್ಲಿದೆ. ಪಿಟೀಲು ಅತಿ ಮೆಲ್ಲಗೆ ನುಡಿಯುವಾಗ ಹೊರಡುವ ಶಕ್ತಿ 0.0000038 ವ್ಯಾಟ್. ಪೂರ್ಣ ಆರ್ಕೆಸ್ಟ್ರಾದ 70 ವ್ಯಾಟನ್ನು ಇದರಿಂದ ಭಾಗಿಸಿದರೆ 1 ಕೋಟಿ 84 ಲಕ್ಷ! ನಿಸರ್ಗದ ಗಾತ್ರ ಸಂಯೋಜಕನಿಗೆ ಎಂದೂ ಸಿಗುವುದಿಲ್ಲ, ಆದರೆ ಮೆಲುದನಿಗೂ ಅಬ್ಬರಕ್ಕೂ ನಡುವೆ ಸುಮಾರು ಎರಡು ಕೋಟಿ ಪಟ್ಟಿನ ಹರವು ಅವನ ಕೈಯಲ್ಲಿದೆ. ಕಿವಿ ಅಳೆಯುವುದು ವ್ಯಾಟನ್ನಲ್ಲ, ಈಗ ಕೇಳಿದ್ದಕ್ಕೂ ಈ ಹಿಂದೆ ಕೇಳಿದ್ದಕ್ಕೂ ಇರುವ ಅನುಪಾತವನ್ನು. ಆರಂಭದ ಆ ಮೆಲುದನಿಯಲ್ಲಿ ನಮ್ಮ ಕಿವಿಯನ್ನು ಚಿಕ್ಕದಾಗಿಸಿ, ಆಮೇಲೆ ಅದರ ಮೇಲೆ ಬೆಟ್ಟವನ್ನು ಬಿಡುವುದು ಲೇಫ್ಸ್ ಕಂಡುಕೊಂಡ ದಾರಿ. ಈ ಕೃತಿಯನ್ನು ಪಾಶ್ಚಾತ್ಯ ಸಂಗೀತದಲ್ಲೇ ಅತಿ ಜೋರಿನದು ಎಂದು ಪರಿಚಯಿಸುವುದು ರೂಢಿಯಾಗಿದೆ. ವಾದಕರು ಕಿವಿಗೆ ರಕ್ಷೆ ಇಟ್ಟುಕೊಂಡು ನುಡಿಸುತ್ತಾರೆ ಎಂಬುದನ್ನೂ ಹೇಳುತ್ತಾರೆ. ಎರಡೂ ಸರಿಯಿರಬಹುದು. ಆದರೆ ಜೋರು ಎಂಬುದಷ್ಟನ್ನೇ ನೆನಪಿಟ್ಟುಕೊಂಡವರು ಅದರ ಮೊದಲರ್ಧವನ್ನು ಕೇಳಿಯೇ ಇಲ್ಲ ಎಂದು ನನ್ನ ನಂಬಿಕೆ.

‘ಹೆಕ್ಲಾ’ ಮೊದಲು ಮೊಳಗಿದ್ದು ಐಸ್‌ಲ್ಯಾಂಡಿನಲ್ಲಲ್ಲ, ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿ, 1964ರಲ್ಲಿ. ಇದರ ಪಕ್ಕಕ್ಕೆ 1947ರ ಒಂದು ದಾಖಲೆ ಇಟ್ಟು ನೋಡಿ. ಹೆಕ್ಲಾದ ಬೂದಿ ಗಾಳಿಯಲ್ಲಿ 2,860 ಕಿಲೋಮೀಟರ್ ಸಾಗಿ, ಸ್ಫೋಟವಾದ 51 ಗಂಟೆಗಳಲ್ಲಿ, ಇದೇ ಹೆಲ್ಸಿಂಕಿಯ ಮೇಲೆ ಉದುರಿತ್ತು. ಗಂಟೆಗೆ 56 ಕಿಲೋಮೀಟರ್ ವೇಗ. ಬೆಟ್ಟದ ಬೂದಿ ಎರಡು ದಿನ ಮೂರು ಗಂಟೆಯಲ್ಲಿ ಮುಟ್ಟಿದ ಊರಿಗೆ ಬೆಟ್ಟದ ಸಂಗೀತ ಮುಟ್ಟಲು 17 ವರ್ಷ ಹಿಡಿಯಿತು.

1947 ಲೇಫ್ಸ್ ಪಾಲಿಗೆ ಬೆಟ್ಟದ ವರ್ಷ ಮಾತ್ರ ಆಗಿರಲಿಲ್ಲ. ಅವರ ಹೆಂಡತಿ, ಪಿಯಾನೋ ವಾದಕಿ ಆನಿ ರೀಟ್‌ಹೋಫ್, ಯಹೂದಿ. ನಾಜಿ ಜರ್ಮನಿಯಲ್ಲಿ ಆನಿ ಮತ್ತು ಇಬ್ಬರು ಹೆಣ್ಣುಮಕ್ಕಳ ತಲೆಯ ಮೇಲೆ ಕತ್ತಿ ತೂಗುತ್ತಿತ್ತು. ನಾರ್ಡಿಕ್ ಹಿರಿಮೆಯ ಮಾತುಗಳನ್ನು ಲೇಫ್ಸ್ ತಾವೇ ಉತ್ಸಾಹದಿಂದ ಬರೆದಿದ್ದೂ ಉಂಟು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಆ ಆಳ್ವಿಕೆಗೆ ಅವರ ಸಂಗೀತ ಹಿಡಿಸಲಿಲ್ಲ. 1941ರಲ್ಲಿ ಬರ್ಲಿನ್‌ನಲ್ಲಿ ಅವರ ಆರ್ಗನ್ ಕಾನ್ಸರ್ಟೊ ನುಡಿಸಿದಾಗ ಸಭಿಕರಲ್ಲಿ ಬಹುಪಾಲು ಜನ ಎದ್ದು ಹೊರನಡೆದರು. 1944ರಲ್ಲಿ ಹೇಗೋ ಅನುಮತಿ ಪಡೆದು ಕುಟುಂಬ ಸ್ವೀಡನ್ ಸೇರಿತು. ಯುದ್ಧ ಮುಗಿಯಿತು, ಮಕ್ಕಳು ಉಳಿದರು. 1947ರ ಜುಲೈಯಲ್ಲಿ ಕಿರಿಮಗಳು ಲೀವ್ ಸ್ವೀಡನ್ನಿನ ಪಶ್ಚಿಮ ಕರಾವಳಿಯಲ್ಲಿ ಈಜಲು ಹೋದವಳು ಮರಳಲಿಲ್ಲ. ಅವಳಿಗೆ 17 ವರ್ಷ. ಅವಳಿಗಾಗಿ ಲೇಫ್ಸ್ ಬರೆದ ‘ರೆಕ್ವಿಯೆಂ’ಗೆ ವಾದ್ಯಗಳೇ ಇಲ್ಲ. ಬರಿಯ ದನಿಗಳು, ಐದು ನಿಮಿಷದ ಆಸುಪಾಸು, ಜೋಗುಳದಷ್ಟು ಮೆಲ್ಲಗೆ. ಎರಡು ಕೋಟಿ ಪಟ್ಟಿನ ಆ ಹರವಿನ ಒಂದು ತುದಿಯಲ್ಲಿ ಬೆಟ್ಟ, ಇನ್ನೊಂದು ತುದಿಯಲ್ಲಿ ಮಗಳು. ಎರಡರ ಮೂಲವೂ ಒಂದೇ ವರ್ಷದ ನಾಲ್ಕು ತಿಂಗಳೊಳಗಿನದು.

‘ಹೆಕ್ಲಾ’ ಬರೆದ ವರ್ಷವೇ ‘ಗೇಸಿರ್’ ಕೂಡ ಬಂತು. ಹೌಕಾಡಲೂರ್ ಕಣಿವೆಯ ಹೆಸರಾಂತ ಬಿಸಿನೀರ ಬುಗ್ಗೆಯದು. ಅದರ ಕೆಲಸದ ಬಗೆ ಹೀಗೆ: ನೆಲದೊಳಗೆ ಇಪ್ಪತ್ತು ಮೀಟರ್‌ನಷ್ಟು ಉದ್ದದ ಕೊಳವೆಯಲ್ಲಿ ನೀರು ನಿಂತಿದೆ. ತಳದಲ್ಲಿ ಬಂಡೆಯ ಕಾವು. ಮೇಲಿನ ನೀರಿನ ಭಾರದಿಂದಾಗಿ ತಳದ ನೀರು 100 ಡಿಗ್ರಿ ದಾಟಿದರೂ ಕುದಿಯಲಾರದೆ ಅದುಮಿಕೊಂಡಿರುತ್ತದೆ. ಎಲ್ಲೋ ನಡುವೆ ಒಂದಿಷ್ಟು ಆವಿಯಾಗಿ ಮೇಲಿನ ನೀರು ಸ್ವಲ್ಪ ಹೊರಚೆಲ್ಲಿದರೆ ಸಾಕು, ಭಾರ ಇಳಿಯಿತು. ತಳದ ನೀರೆಲ್ಲ ಒಮ್ಮೆಲೇ ಆವಿಯಾಗಿ ಸಿಡಿಯುತ್ತದೆ. ಗೇಸಿರ್ ಹುರುಪಿನಲ್ಲಿದ್ದ ಕಾಲಕ್ಕೆ 70 ಮೀಟರ್‌ವರೆಗೂ ಚಿಮ್ಮುತ್ತಿತ್ತು. ಈಗ ಅದು ಹೆಚ್ಚಾಗಿ ಸುಮ್ಮನಿರುತ್ತದೆ. ಪಕ್ಕದ ಸ್ಟ್ರೊಕ್ಕೂರ್ ಮಾತ್ರ ಆರರಿಂದ ಹತ್ತು ನಿಮಿಷಕ್ಕೊಮ್ಮೆ ಹದಿನೈದಿಪ್ಪತ್ತು ಮೀಟರ್ ಏಳುತ್ತದೆ. ಲೇಫ್ಸ್ ಕೃತಿಯಲ್ಲೂ ಇದೇ ನಡೆ. ಅತಿ ತಗ್ಗಿನ ವಾದ್ಯಗಳ ಗುಡುಗುಡುವಿನಲ್ಲಿ ಆರಂಭ, ಪದರದ ಮೇಲೆ ಪದರ ಕೂಡುವ ಒತ್ತಡ, ಒಂದೇ ಸಲಕ್ಕೆ ಸಿಡಿತ, ಮತ್ತೆ ತಳಕ್ಕೆ. ಹತ್ತು ನಿಮಿಷದ ಈ ಕೃತಿಯನ್ನು ಲೇಫ್ಸ್ ತಾವೇ ಕೇಳಲಿಲ್ಲ. ಅವರು 1968ರ ಜುಲೈಯಲ್ಲಿ ತೀರಿಕೊಂಡರು, ಅದರ ಮೊದಲ ಪ್ರದರ್ಶನ 1984ರಲ್ಲಿ ಆಯಿತು. 2014ರಲ್ಲಿ ಐಸ್‌ಲ್ಯಾಂಡ್ ಸಿಂಫನಿ ಆರ್ಕೆಸ್ಟ್ರಾ ಮೊದಲ ಸಲ ಲಂಡನ್ನಿನ ಪ್ರಾಮ್ಸ್ ಉತ್ಸವಕ್ಕೆ ಹೋದಾಗ, ಸುಮಾರು 5,000 ಜನ ಹಿಡಿಸುವ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಗೇಸಿರ್ ಚಿಮ್ಮಿತು.

‘ಡೆಟ್ಟಿಫಾಸ್’ 1964ರದು, ‘ಹಾಫೀಸ್’ ಎಂಬ ತೇಲುಹಿಮದ ಕೃತಿ 1965ರದು. ಎರಡಕ್ಕೂ ಗಾಯಕವೃಂದ ಬೇಕು, ಎರಡರ ಸಾಹಿತ್ಯವೂ ಐನಾರ್ ಬೆನೆಡಿಕ್ಟ್‌ಸನ್ ಎಂಬ ಕವಿಯದು. ಈ ಕವಿ ಜಲಪಾತವನ್ನು ಮಾತಾಡಿಸಿದವರು, ಜೊತೆಗೆ ಜಲಪಾತಗಳಿಂದ ವಿದ್ಯುತ್ ತೆಗೆಯುವ ಕಂಪನಿ ಕಟ್ಟಲು 1914ರಲ್ಲೇ ಓಡಾಡಿದವರು. ಅವರ ಕಣ್ಣಿಗೂ ಆ 8 ಕೋಟಿ ವ್ಯಾಟ್ ಬಿದ್ದಿತ್ತು. ಒಂದೇ ನೀರಿನಿಂದ ಕವಿ ದೀಪ ಹೊತ್ತಿಸಲು ಬಯಸಿದರು, ಸಂಯೋಜಕರು ಸ್ವರ ಹೊತ್ತಿಸಲು.

ಇದೆಲ್ಲ ನಿಸರ್ಗದ ಮಾತಾಯಿತು. ಐಸ್‌ಲ್ಯಾಂಡಿನಲ್ಲಿ ನಿಸರ್ಗವನ್ನೂ ಕಥೆಯನ್ನೂ ಬೇರೆ ಮಾಡಿ ಇಡುವುದು ಕಷ್ಟ. ಬಂಡೆ ಇದ್ದಲ್ಲೆಲ್ಲ ಹುಲ್ಡುಫೋಲ್ಕ್, ಅಂದರೆ ಮರೆಯ ಜನ, ವಾಸವಾಗಿದ್ದಾರೆ ಎಂಬುದು ಹಳೆಯ ನಂಬಿಕೆ. ಯೋರುನ್ ವಿಡಾರ್ ಎಂಬ ಸಂಯೋಜಕಿ 1952ರಲ್ಲಿ ‘ಓಲಾಫೂರ್ ಲಿಲ್ಯುರೋಸ್’ ಎಂಬ ಬ್ಯಾಲೆಗೆ ಸಂಗೀತ ಕೊಟ್ಟರು. ಬಂಡೆಗಳ ಪಕ್ಕ ಕುದುರೆಯೇರಿ ಹೋಗುವ ಓಲಾಫೂರ್‌ನನ್ನು ಮರೆಯ ಜನದ ಹೆಣ್ಣುಗಳು ತಮ್ಮೊಡನೆ ಇರು ಎಂದು ಕರೆಯುತ್ತಾರೆ. ಒಲ್ಲೆ ಎಂದವನನ್ನು ಒಂದು ಮುತ್ತಾದರೂ ಕೊಟ್ಟು ಹೋಗು ಎಂದು ಬಳಿಗೆ ಕರೆದು ಇರಿಯುತ್ತಾರೆ. ಬಹುಕಾಲ ಐಸ್‌ಲ್ಯಾಂಡಿನ ಸಂಯೋಜಕರ ಸಂಘದಲ್ಲಿದ್ದ ಏಕೈಕ ಮಹಿಳೆ ಯೋರುನ್. 98 ವರ್ಷ ಬಾಳಿ 2017ರಲ್ಲಿ ತೀರಿಕೊಂಡರು. ಲೇಫ್ಸ್ ಬಗ್ಗೆ ನಡೆದಷ್ಟು ಚರ್ಚೆ ಅವರ ಬಗ್ಗೆಯೂ ನಡೆಯಬೇಕಿತ್ತು.

ಲೇಫ್ಸ್‌ಗೆ ಬೇಕಿದ್ದುದು ಇನ್ನೂ ಭೀಕರ ಕಥೆಗಳು. 1941–42ರಲ್ಲಿ ಜರ್ಮನಿಯಲ್ಲೇ ಕೂತು ಬರೆದ ‘ಸಾಗಾ ಸಿಂಫನಿ’ಯಲ್ಲಿ ಐದು ಭಾಗ, ಹಳೆಯ ಸಾಗಾಗಳ ಪಾತ್ರಗಳ ಮೇಲೆ. ನಾಲ್ಕನೆಯದರಲ್ಲಿ ಗ್ಲಾಮ್ ಎಂಬ ದೆವ್ವ ಬರುತ್ತದೆ. ಸತ್ತ ಮೇಲೂ ಸುಮ್ಮನಿರದೆ ಮನೆಯ ಚಾವಣಿಯ ಮೇಲೆ ಕೂತು ಹಿಮ್ಮಡಿಯಿಂದ ಗುದ್ದುವ ಕುರಿಗಾಹಿ. ಗ್ರೆಟ್ಟಿರ್ ಎಂಬ ಜಟ್ಟಿ ಅವನನ್ನು ಕೆಡವುತ್ತಾನೆ, ಆದರೆ ಅದೇ ಗಳಿಗೆಗೆ ಮೋಡ ಸರಿದು ಬೆಳದಿಂಗಳು ಗ್ಲಾಮ್‌ನ ಕಣ್ಣಿಗೆ ಬೀಳುತ್ತದೆ. ಆ ಕಣ್ಣು ಗ್ರೆಟ್ಟಿರ್‌ನನ್ನು ಬದುಕಿಡೀ ಬಿಡಲಿಲ್ಲ. ಅಂಥ ಬಲಶಾಲಿ ಕತ್ತಲಿಗೆ ಹೆದರುವವನಾದ. ಈ ಸಿಂಫನಿಗಾಗಿ ಲೇಫ್ಸ್ ಮರದ, ಚರ್ಮದ, ಕಬ್ಬಿಣದ ಗುರಾಣಿಗಳನ್ನು ಬಡಿಸಿದರು. ಕಂಚಿನ ಯುಗದ ಲೂರ್ ಎಂಬ ಬಾಗಿದ ಕೊಂಬುಗಳನ್ನು ಊದಿಸಿದರು. ಈ ಸಿಂಫನಿಯೂ ಮೊದಲು ಕೇಳಿಸಿದ್ದು ಹೆಲ್ಸಿಂಕಿಯಲ್ಲೇ, 1950ರಲ್ಲಿ.

ಕಲ್ಲನ್ನು ನುಡಿಸುವ ಹಂಬಲ ಅವರೊಂದಿಗೆ ಮುಗಿಯಲಿಲ್ಲ. ಹೂಸಾಫೆಲ್ ಎಂಬಲ್ಲಿನ ಶಿಲ್ಪಿ ಪೌಲ್ ಗುಡ್ಮುಂಡ್‌ಸನ್ ಸುತ್ತಲಿನ ಕಲ್ಲುಗಳನ್ನು ಆರಿಸಿ ಐದು ಸ್ಥಾಯಿಯ ಕಲ್ಲಿನ ಮರಿಂಬಾ ಕಟ್ಟಿದರು. ಸಿಗುರ್ ರೋಸ್ ಎಂಬ ರಾಕ್ ತಂಡ 2002ರಲ್ಲಿ ‘ಓಡಿನ್ನನ ಕಾಗೆಯ ಮಾಟ’ದ ಹಳೆಯ ಪದ್ಯವನ್ನು ಆರ್ಕೆಸ್ಟ್ರಾ ಮತ್ತು ಗಾಯಕವೃಂದದೊಂದಿಗೆ ಪ್ರಸ್ತುತಪಡಿಸಿದಾಗ ಈ ಕಲ್ಲುಗಳು ನುಡಿದವು, ಹಳೆಯ ಧಾಟಿಯ ರೀಮುರ್ ಗಾಯಕರೊಬ್ಬರು ಹಾಡಿದರು.

ಇವತ್ತು ಜಗತ್ತಿನ ದೊಡ್ಡ ಆರ್ಕೆಸ್ಟ್ರಾಗಳು ಕೇಳಿ ಬರೆಸಿಕೊಳ್ಳುವ ಐಸ್‌ಲ್ಯಾಂಡಿನ ಹೆಸರು 1977ರಲ್ಲಿ ಹುಟ್ಟಿದ ಅನ್ನಾ ಥೋರ್ವಾಲ್ಸ್‌ಡೋಟ್ಟಿರ್ ಅವರದು. ‘ಮೆಟಾಕಾಸ್ಮೋಸ್’ 2018ರಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ನಿಂದ, ‘ಕ್ಯಾಟಮಾರ್ಫೋಸಿಸ್’ 2021ರಲ್ಲಿ ಬರ್ಲಿನ್ ಫಿಲ್‌ಹಾರ್ಮೋನಿಕ್‌ನಿಂದ ಹೊರಬಂತು. ಅವರು ಸ್ವರ ಬರೆಯುವ ಮೊದಲು ಕಾಗದದ ಮೇಲೆ ಚಿತ್ರ ಬಿಡಿಸಿಕೊಳ್ಳುತ್ತಾರೆ. ಬೆಟ್ಟವನ್ನೋ ಹಿಮನದಿಯನ್ನೋ ವರ್ಣಿಸುವುದು ತಮ್ಮ ಗುರಿಯಲ್ಲ, ನಿಸರ್ಗದ ಅಳತೆಯ ಅನುಪಾತ ಮತ್ತು ಹರಿವು ತಮಗೆ ಬೇಕಾದದ್ದು ಎಂಬುದು ಅವರ ನಿಲುವು. ಅಡಿಗಲ್ಲಾಗಲಿ ಫಿರಂಗಿಯಾಗಲಿ ಅವರಿಗೆ ಬೇಕಿಲ್ಲ. ತಂತಿವಾದ್ಯಗಳನ್ನು ಒಡೆದೊಡೆದು ಹಂಚಿ, ಸ್ವರಗಳ ಸಂದಿಯ ಸ್ವರಗಳನ್ನೂ ನುಡಿಸಿ, ಕಣ್ಣಿಗೆ ಕಾಣದಷ್ಟು ನಿಧಾನಕ್ಕೆ ಸರಿಯುವ ಒಂದು ಭಾರೀ ವಸ್ತುವನ್ನು ಅವರು ಕಟ್ಟುತ್ತಾರೆ. ಐಸ್‌ಲ್ಯಾಂಡ್ ಕೂತಿರುವುದು ವರ್ಷಕ್ಕೆ ಸುಮಾರು ಎರಡು ಸೆಂಟಿಮೀಟರ್ ದೂರ ಸರಿಯುತ್ತಿರುವ ಎರಡು ಭೂಫಲಕಗಳ ಮೇಲೆ. ಲೇಫ್ಸ್ ಬೆಟ್ಟ ಸಿಡಿಯುವ ಅರ್ಧ ಗಂಟೆಯನ್ನು ಬರೆದರೆ ಅನ್ನಾ ಆ ಎರಡು ಸೆಂಟಿಮೀಟರನ್ನು ಬರೆಯುತ್ತಾರೆ. ಅನುಪಾತದ ಗುಟ್ಟು ಇಬ್ಬರಿಗೂ ಒಂದೇ ಎನ್ನುವುದು ನನಗೆ ಅವರಿಬ್ಬರನ್ನು ಒಬ್ಬರ ಬೆನ್ನಿಗೆ ಒಬ್ಬರಂತೆ ಕೇಳಿದಾಗಲೇ ಸ್ಪಷ್ಟವಾಗುವುದು.

ಲೇಫ್ಸ್ ಬದುಕಿನ ಅತಿ ದೊಡ್ಡ ಕೆಲಸ ಇದ್ಯಾವುದೂ ಅಲ್ಲ, ‘ಎಡ್ಡಾ’. ಹದಿಮೂರನೇ ಶತಮಾನದಲ್ಲಿ ಬರಹಕ್ಕಿಳಿದ ನಾರ್ಸ್ ಪುರಾಣವನ್ನು ನಾಲ್ಕು ಭಾಗಗಳಲ್ಲಿ, ಏಕಗಾಯಕರು, ಗಾಯಕವೃಂದ ಮತ್ತು ಆರ್ಕೆಸ್ಟ್ರಾಕ್ಕಾಗಿ. ಮೊದಲ ಭಾಗ ಜಗತ್ತಿನ ಸೃಷ್ಟಿ. ಈಮಿರ್ ಎಂಬ ಆದಿದೈತ್ಯನನ್ನು ಕೊಂದು ಅವನ ಮಾಂಸದಿಂದ ನೆಲ, ನೆತ್ತರಿನಿಂದ ಸಮುದ್ರ, ಎಲುಬಿನಿಂದ ಬೆಟ್ಟ, ತಲೆಬುರುಡೆಯಿಂದ ಆಕಾಶ, ಮಿದುಳಿನಿಂದ ಮೋಡ ಮಾಡಿದರು ಎನ್ನುತ್ತದೆ ಕಥೆ. 13 ಅಂಗಗಳ ಈ ಭಾಗವನ್ನು ಅವರು 1935ರಲ್ಲಿ ಹಿಡಿದು 1939ರಲ್ಲಿ ಮುಗಿಸಿದರು. ಪೂರ್ತಿಯಾಗಿ ಕೇಳಿಸಿದ್ದು 2006ರಲ್ಲಿ, ರೇಕ್ಯಾವಿಕ್‌ನಲ್ಲಿ. ಬರೆದ 67 ವರ್ಷಕ್ಕೆ. ಎರಡನೆಯದು ದೇವತೆಗಳ ಬದುಕು, 1951ರಿಂದ 1966ರವರೆಗೆ ಬರೆದದ್ದು. ಅದು ಕೇಳಿಸಲು ಇನ್ನೂ 52 ವರ್ಷ.

ಆ ವೇಳೆಗೆ ರೇಕ್ಯಾವಿಕ್ ಬಂದರಿನಲ್ಲಿ ಹಾರ್ಪಾ ಎಂಬ ಸಂಗೀತಮಂದಿರ ಎದ್ದಿತ್ತು. ಕಟ್ಟಡ ಅರ್ಧಕ್ಕೇರಿದ್ದ 2008ರ ಅಕ್ಟೋಬರಿನಲ್ಲಿ ದೇಶದ ಮೂರು ದೊಡ್ಡ ಬ್ಯಾಂಕುಗಳು ಒಂದು ವಾರದೊಳಗೆ ಕುಸಿದವು. ಅಷ್ಟಾದರೂ ಮೂರು ಲಕ್ಷ ಚಿಲ್ಲರೆ ಜನರ ಆ ದೇಶ ತನ್ನ ಸಂಗೀತಮಂದಿರವನ್ನು ಕೈಬಿಡಲಿಲ್ಲ. 2011ರಲ್ಲಿ ಬಾಗಿಲು ತೆರೆದಾಗ ಸುಮಾರು 1,800 ಆಸನಗಳ ಮುಖ್ಯ ಸಭಾಂಗಣಕ್ಕೆ ಒಂದು ಜ್ವಾಲಾಮುಖಿ ಕುಂಡದ ಹೆಸರಿಟ್ಟರು, ಎಲ್ಡ್‌ಬೋರ್ಗ್. ಅಂದಿನ ಲೆಕ್ಕದಲ್ಲಿ ಪ್ರತಿ 177 ಐಸ್‌ಲ್ಯಾಂಡಿಗರಿಗೆ ಒಂದು ಕುರ್ಚಿ. 2018ರ ಮಾರ್ಚಿನಲ್ಲಿ ‘ಎಡ್ಡಾ’ದ ಎರಡನೇ ಭಾಗ ಮೊದಲ ಸಲ ಮೊಳಗಿದ್ದು ಹಾರ್ಪಾದಲ್ಲಿಯೇ. ಲೇಫ್ಸ್ ತೀರಿಕೊಂಡು ಅರ್ಧ ಶತಮಾನವಾಗುತ್ತಿತ್ತು.

ಮೂರನೇ ಭಾಗ ರಾಗ್ನರೋಕ್, ದೇವತೆಗಳ ನಾಶ. 1966ರಲ್ಲಿ ಅದನ್ನು ಕೈಗೆತ್ತಿಕೊಂಡ ಲೇಫ್ಸ್ ಕಾಯಿಲೆಯ ನಡುವೆಯೂ 1968ರವರೆಗೆ ಬರೆಯುತ್ತಲೇ ಇದ್ದರು, ಮುಗಿಸಲಾಗಲಿಲ್ಲ. ನಾಲ್ಕನೆಯದರಲ್ಲಿ ಸಮುದ್ರದಿಂದ ಹೊಸ ಭೂಮಿ ಮೇಲೇಳಬೇಕಿತ್ತು. ಅದಕ್ಕೆ ಅವರು ಸಾಹಿತ್ಯವನ್ನು ಜೋಡಿಸಿ ಇಟ್ಟಿದ್ದರು, ಸ್ವರ ಬರೆಯಲು ಆಯುಸ್ಸು ಉಳಿಯಲಿಲ್ಲ.